ಅಟ್ಲಾಂಟಿಕ್ ದಾಟುವ ಹಾಯಿದೋಣಿಯಲ್ಲಿ ಮೂರು ವಾರ: ಮೊದಲ ಸಲ ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

"ರಾತ್ರಿ ದೋಣಿ ಎಲ್ಲಿ ನಿಲ್ಲಿಸ್ತೀರಿ?" ಹಾಯಿದೋಣಿಯಲ್ಲಿ ಸಾಗರ ದಾಟಿದ್ದೇನೆ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ಇದು. ಎರಡನೆಯದು "ಇಡೀ ದಿನ ಏನು ಮಾಡ್ತೀರಿ?" ಮೂರನೆಯದು "ಊಟಕ್ಕೇನು?" ಈಚೆಗೆ ನಾಲ್ಕನೆಯದೂ ಸೇರಿಕೊಂಡಿದೆ: "ನಾನೂ ಹೋಗಬಹುದಾ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ, ಎಲ್ಲೂ ನಿಲ್ಲಿಸುವುದಿಲ್ಲ. ನಡುಸಮುದ್ರದಲ್ಲಿ ಆಳ ನಾಲ್ಕೈದು ಸಾವಿರ ಮೀಟರ್. ದೋಣಿಯ ಲಂಗರಿಗೆ ಇರುವ ಸರಪಳಿ ಹೆಚ್ಚೆಂದರೆ 60–80 ಮೀಟರ್. ಹಾಗಾಗಿ ಹೊರಟ ಕ್ಷಣದಿಂದ ಸೇರುವ ಕ್ಷಣದವರೆಗೆ ದೋಣಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಯಾರಾದರೂ ಒಬ್ಬರು ಯಾವಾಗಲೂ ಎಚ್ಚರ ಇರಲೇಬೇಕು. ದೋಣಿಯ ದಿನಚರಿಯೆಲ್ಲಾ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ. ಬಿರುಗಾಳಿಗೆ ಎಲ್ಲರೂ ಹೆದರುತ್ತಾರೆ. ಆದರೆ ದೋಣಿಯಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಜನರ ನಿದ್ದೆ. ನಿದ್ದೆಗೆಟ್ಟವರು ಗಂಟು ತಪ್ಪಾಗಿ ಹಾಕುತ್ತಾರೆ, ಕೈ ಸುಟ್ಟುಕೊಳ್ಳುತ್ತಾರೆ, ಜಗಳಕ್ಕೆ ನಿಲ್ಲುತ್ತಾರೆ. ಮುಂದೆ ಹೇಳುವ ಅರ್ಧಕ್ಕರ್ಧ ಸಲಹೆಗಳು ನಿದ್ದೆ ಉಳಿಸಿಕೊಳ್ಳುವುದಕ್ಕೇ.

ಯಾವ ದಾರಿ, ಯಾವ ಕಾಲ?

ಇಲ್ಲಿ ನಾನು ಹೇಳುತ್ತಿರುವುದು ಹೊಸಬರು ಹೆಚ್ಚಾಗಿ ಹೋಗುವ ದಾರಿಯ ಬಗ್ಗೆ. ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪದ ರಾಡ್ನಿ ಬೇವರೆಗೆ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಸುಮಾರು 5,000 ಕಿಲೋಮೀಟರ್. (ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ.) 40 ಅಡಿಯ ದೋಣಿ ಸರಾಸರಿ ಐದಾರು ನಾಟ್ ವೇಗದಲ್ಲಿ ಹೋಗುತ್ತದೆ. ದಿನಕ್ಕೆ 130–150 ಮೈಲಿ, ಒಟ್ಟು 18ರಿಂದ 21 ದಿನ. ಸೈಕಲ್ ವೇಗದಲ್ಲಿ ಸಾಗರ ದಾಟಿದ ಹಾಗೆ.

ಹೊರಡುವ ಕಾಲ ನವೆಂಬರ್ ಕೊನೆ, ಡಿಸೆಂಬರ್, ಜನವರಿ. ಅಟ್ಲಾಂಟಿಕ್‌ನ ಚಂಡಮಾರುತಗಳ ಕಾಲ ನವೆಂಬರ್ 30ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ನೆಲೆಯಾಗುತ್ತವೆ. ಗಾಳಿ ಬೆನ್ನ ಹಿಂದಿನಿಂದ ತಳ್ಳುತ್ತದೆ. ಕೊಲಂಬಸ್ 1492ರ ಸೆಪ್ಟೆಂಬರ್‌ನಲ್ಲಿ ಕೆನರಿಯ ಲಾ ಗೊಮೇರಾದಿಂದ ಹೊರಟು 36 ದಿನಕ್ಕೆ ಆಚೆ ದಡ ಮುಟ್ಟಿದ್ದೂ ಇದೇ ಗಾಳಿಯನ್ನು ನಂಬಿ. 1986ರಿಂದ ಪ್ರತಿ ನವೆಂಬರ್‌ನಲ್ಲಿ ಎಆರ್‌ಸಿ (ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್) ಎಂಬ ರ‍್ಯಾಲಿಯಲ್ಲಿ ದೋಣಿಗಳು ಲಾಸ್ ಪಾಲ್ಮಾಸ್‌ನಿಂದ ಗುಂಪಾಗಿ ಹೊರಡುತ್ತವೆ.

ನೇರ ಗೆರೆ ಎಳೆದು ಹೋಗುವಂತಿಲ್ಲ. ಮೊದಲು ನೈಋತ್ಯಕ್ಕೆ ಇಳಿದು, ಸುಮಾರು 20 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಬಂದು, ಆಮೇಲೆ ಪಶ್ಚಿಮಕ್ಕೆ ತಿರುಗಬೇಕು. "ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು" ಅನ್ನುವುದು ಈ ದಾರಿಯ ನಾವಿಕರ ಹಳೇ ಮಾತು.

ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ 'ತಾರಿಣಿ' ದೋಣಿಯಲ್ಲಿ ಗೋವಾದಿಂದ ಹೊರಟು ಇಡೀ ಲೋಕ ಸುತ್ತಿ ಬಂದರು. ಅದನ್ನು ನೋಡಿ ಆಸೆ ಹುಟ್ಟಿತು ಅಂತ ಬರೆಯುವವರು ತುಂಬಾ ಜನ. ಅವರು ಹೋದದ್ದು ದಕ್ಷಿಣದ ಒರಟು ಸಮುದ್ರದಲ್ಲಿ. ಈ ದಾರಿ ಅದಕ್ಕಿಂತ ಎಷ್ಟೋ ಸೌಮ್ಯ. ಆದರೂ ಸಾಗರ ಸಾಗರವೇ.

ಹಂತ 1: ದೋಣಿ, ಕಾಗದಪತ್ರ, ಚೀಲ

ಸ್ವಂತ ದೋಣಿ ಇಲ್ಲದವರು ಸಿಬ್ಬಂದಿಯಾಗಿ ಸೇರಿಕೊಳ್ಳುತ್ತಾರೆ. ಸ್ಕಿಪ್ಪರ್ (ದೋಣಿಯ ಹೊಣೆ ಹೊತ್ತ ನಾಯಕ) ಜೊತೆ ಫೋನಿನಲ್ಲಿ ಮಾತಾಡಿದ್ದು ಸಾಲದು. ಹೊರಡುವ ಮೊದಲು ಕನಿಷ್ಠ ಒಂದು ದಿನ, ಸಾಧ್ಯವಾದರೆ ಒಂದು ರಾತ್ರಿಯೂ, ಅವರ ಜೊತೆ ಹಾಯಿ ಬಿಟ್ಟು ನೋಡಿ. ಅದಕ್ಕೆ ಒಪ್ಪದ ಸ್ಕಿಪ್ಪರ್ ದೋಣಿ ಹತ್ತಬೇಡಿ. ಖರ್ಚು ಹಂಚಿಕೊಳ್ಳುವ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಿ. ಲಾಸ್ ಪಾಲ್ಮಾಸ್‌ಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಬೇಕು. ಹವಾಮಾನ ಸರಿ ಇಲ್ಲದಿದ್ದರೆ ದೋಣಿ ವಾರಗಟ್ಟಲೆ ತಡವಾಗುತ್ತದೆ. ಅಷ್ಟು ದಿನ ಸೇರಿಸಿಯೇ ವೀಸಾ ಕೇಳಿ. ಬರುವಾಗ ಒಂದೇ ಕಡೆಯ ವಿಮಾನದ ಟಿಕೆಟ್ ಇದ್ದರೆ ಪ್ರಶ್ನೆ ಬರಬಹುದು, ಸ್ಕಿಪ್ಪರ್ ಸಹಿ ಮಾಡಿದ ಪತ್ರ ಜೊತೆಗಿರಲಿ. ದೋಣಿಯಲ್ಲಿ ಹೊರಡುವಾಗಲೂ ಗಡಿ ಅಧಿಕಾರಿಗಳ ಹತ್ತಿರ ನಿರ್ಗಮನ ದಾಖಲು ಮಾಡಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ನೀವು ಯುರೋಪ್ ಬಿಟ್ಟು ಹೋಗಿದ್ದಕ್ಕೆ ದಾಖಲೆಯೇ ಇರುವುದಿಲ್ಲ. ಸೇರುವ ದ್ವೀಪದ ವೀಸಾ ನಿಯಮವನ್ನು ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ.

ಗಟ್ಟಿ ಸೂಟ್‌ಕೇಸ್ ಬೇಡ. ಅದನ್ನಿಡಲು ದೋಣಿಯಲ್ಲಿ ಜಾಗವೇ ಇಲ್ಲ. ಮಡಚಿಡಬಹುದಾದ ಬಟ್ಟೆಯ ಚೀಲ ತನ್ನಿ. ಕೆಂಪು ಬೆಳಕೂ ಇರುವ ತಲೆಗೆ ಕಟ್ಟುವ ಟಾರ್ಚ್, ಉದ್ದ ತೋಳಿನ ತೆಳು ಅಂಗಿಗಳು, ರಾತ್ರಿಗೆ ಉಣ್ಣೆ ಟೋಪಿ ಮತ್ತು ಜಾಕೆಟ್ (ಮೊದಲ ವಾರ ಚಳಿ ಇದ್ದೇ ಇರುತ್ತದೆ), ಇನ್ನೊಂದು ಜೊತೆ ಕನ್ನಡಕ, ದಿನವೂ ನುಂಗುವ ಮಾತ್ರೆ ಇದ್ದರೆ ಲೆಕ್ಕಕ್ಕಿಂತ ಅರ್ಧದಷ್ಟು ಜಾಸ್ತಿ. ಇನ್ನೊಂದು ಮಾತು. ಹೊರಡುವ ಒಂದು ತಿಂಗಳ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ನಡುಸಮುದ್ರದಲ್ಲಿ ಹಲ್ಲುನೋವು ಬಂದರೆ ಮಾಡುವಂಥದ್ದು ಏನೂ ಇಲ್ಲ.

ಹಂತ 2: ಬಂದರಿನಲ್ಲಿ ದೋಣಿ ಕಲಿಯಿರಿ

ಬಂದರಿನಲ್ಲಿ ಸಿಗುವ ದಿನಗಳನ್ನು ಊರು ಸುತ್ತಿ ಕಳೆಯಬೇಡಿ. ಕತ್ತಲಲ್ಲಿ ಕೈ ಹಾಕಿದರೂ ಸಿಗುವಷ್ಟು ಚೆನ್ನಾಗಿ ಕೆಲವು ಜಾಗಗಳು ಗೊತ್ತಿರಬೇಕು. ಬೆಂಕಿ ಆರಿಸುವ ಸಿಲಿಂಡರ್‌ಗಳು, ಗಾಳಿ ತುಂಬಿಕೊಳ್ಳುವ ಜೀವರಕ್ಷಕ ತೆಪ್ಪ, ದೋಣಿ ಬಿಡಬೇಕಾಗಿ ಬಂದರೆ ಎತ್ತಿಕೊಳ್ಳುವ ಚೀಲ. ಸೀಕಾಕ್‌ಗಳು ಎಲ್ಲೆಲ್ಲಿವೆ ನೋಡಿ. ದೋಣಿಯ ತಳದಲ್ಲಿ ನೀರು ಒಳಗೆ ಹೊರಗೆ ಹೋಗುವ ತೂತುಗಳಿಗೆ ಇರುವ ಕವಾಟಗಳಿವು. ಒಂದು ಪೈಪ್ ಒಡೆದರೆ ಮುಚ್ಚಬೇಕಾದದ್ದು ಇದನ್ನೇ. ಈಪರ್ಬ್ ಎಲ್ಲಿದೆ ಕೇಳಿ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ನೀವಿರುವ ಜಾಗ ತಿಳಿಸುವ ಪುಟ್ಟ ಯಂತ್ರ ಅದು. ಹಡಗುಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಸಹಾಯಕ್ಕೆ ಹೇಗೆ ಕರೆಯಬೇಕು ಅನ್ನುವುದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ.

ತಪ್ಪುವ ಜಾಗ: "ಅದೆಲ್ಲಾ ಸ್ಕಿಪ್ಪರ್‌ಗೆ ಗೊತ್ತಲ್ವಾ" ಅಂತ ಬಿಡುವುದು. ನೀರಿಗೆ ಬೀಳುವವರು ಸ್ಕಿಪ್ಪರೇ ಆಗಿರಬಹುದು.

ಹಂತ 3: ದಿನಸಿ ಮತ್ತು ನೀರು

ನೀರಿನ ಲೆಕ್ಕ ಮೊದಲು. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ 3 ಲೀಟರ್ ಇಟ್ಟುಕೊಳ್ಳಿ. ನಾಲ್ಕು ಜನ, 21 ದಿನ ಅಂದರೆ 252 ಲೀಟರ್. ಅದರ ಮೇಲೆ ಅರ್ಧದಷ್ಟು ಹೆಚ್ಚುವರಿ. ಒಟ್ಟು 380 ಲೀಟರ್ ಹತ್ತಿರ. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ. ಒಂದು ಭಾಗ ಕ್ಯಾನ್‌ಗಳಲ್ಲಿ, ಬಾಟಲಿಗಳಲ್ಲಿ ಬೇರೆಯೇ ಇರಲಿ. ಟ್ಯಾಂಕಿನ ನೀರು ಕೆಟ್ಟರೆ ಅದೇ ಗತಿ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಎಷ್ಟೋ ದೋಣಿಗಳಲ್ಲಿ ಇದೆ. ಆದರೂ ಅದು ಕೈಕೊಟ್ಟರೆ ದಡ ಸೇರುವಷ್ಟು ನೀರು ತುಂಬಿಕೊಂಡೇ ಹೊರಡಬೇಕು.

ರಟ್ಟಿನ ಪೆಟ್ಟಿಗೆಗಳನ್ನು ದೋಣಿಯೊಳಗೆ ತರಬೇಡಿ. ಜಿರಳೆ ಮೊಟ್ಟೆಗಳು ಅದರ ಸಂದಿಗಳಲ್ಲೇ ಬರುತ್ತವೆ. ಎಲ್ಲವನ್ನೂ ದಡದಲ್ಲೇ ಬಿಚ್ಚಿ, ಡಬ್ಬಿಗಳಿಗೆ ಸುರಿದು, ಹೆಸರು ಬರೆದು ಒಳಗಿಡಿ. ತರಕಾರಿ ತೊಳೆದು ಪೂರ್ತಿ ಒಣಗಿಸಿ ಬಲೆಗಳಲ್ಲಿ ತೂಗುಹಾಕಿ. ಎಲೆಕೋಸು, ಕುಂಬಳ, ಆಲೂಗಡ್ಡೆ, ಈರುಳ್ಳಿ ಕೊನೆವರೆಗೂ ಬರುತ್ತವೆ. ಆದರೆ ಆಲೂಗಡ್ಡೆ, ಈರುಳ್ಳಿ ಒಟ್ಟಿಗೆ ಇಡಬೇಡಿ, ಎರಡೂ ಬೇಗ ಕೆಡುತ್ತವೆ. ಬಾಳೆಗೊನೆ ಚೆಂದ ಕಾಣುತ್ತದೆ ಅಂತ ತಂದರೆ ಇಡೀ ಗೊನೆ ಎರಡೇ ದಿನದಲ್ಲಿ ಹಣ್ಣಾಗುತ್ತದೆ. ಫ್ರಿಜ್ಜಿನಲ್ಲಿ ಇಡದ, ತೊಳೆಯದ ಮೊಟ್ಟೆ ತನ್ನಿ. ದಿನಾ ತಿರುವಿ ಹಾಕುತ್ತಿದ್ದರೆ ಮೂರು ವಾರ ಬರುತ್ತದೆ.

ನಮ್ಮ ಅಡುಗೆಮನೆ ಸಮುದ್ರಕ್ಕೆ ಹೇಳಿ ಮಾಡಿಸಿದ್ದು. ಅವಲಕ್ಕಿಗೆ ಒಲೆಯೇ ಬೇಡ. ಹುರಿದ ರವೆಗೆ ಬೇಗ ಹುಳ ಬೀಳುವುದಿಲ್ಲ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಎರಡು ದಿನಕ್ಕೆ ಮೊಳಕೆ. ಸೊಪ್ಪು ತರಕಾರಿ ಮುಗಿದ ಮೇಲೆ ಹಸಿ ರುಚಿ ಅಂತ ಸಿಗುವುದು ಅದೊಂದೇ. ಯುರೋಪಿನ ನಾವಿಕರೂ ಕಾಳು ಮೊಳಕೆ ಬರಿಸುತ್ತಾರೆ. ಚಟ್ನಿಪುಡಿ, ಸಾರಿನಪುಡಿ, ಹುಳಿಯವಲಕ್ಕಿಯ ಗೊಜ್ಜು, ಉಪ್ಪಿನಕಾಯಿ ಊರಿನಿಂದಲೇ ಒಯ್ಯಿರಿ. ಅಕ್ಕಿ, ಬೇಳೆ ಅಲ್ಲೇ ಸಿಗುತ್ತದೆ.

ಎಚ್ಚರ: ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಪೇಡ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ. ಹಸಿ ಕರಿಬೇವಿಗೂ ಪ್ರಮಾಣಪತ್ರ ಇಲ್ಲದೆ ಪ್ರವೇಶ ಇಲ್ಲ. ಕರಿಬೇವು ಚಟ್ನಿಪುಡಿಯೊಳಗೆ ಇದ್ದರೆ ಸಾಕು.

ಹಂತ 4: ಮೊದಲ ಮೂರು ದಿನ

ಇದೇ ಕಷ್ಟದ ಭಾಗ, ಹೇಳಿಬಿಡುತ್ತೇನೆ. ಕೆನರಿ ದ್ವೀಪಗಳ ಸಂದಿಯಲ್ಲಿ ಗಾಳಿ ಒಮ್ಮೆಲೇ ಹತ್ತು ಹದಿನೈದು ನಾಟ್ ಏರುತ್ತದೆ. ಎತ್ತರದ ಬೆಟ್ಟಗಳ ನಡುವೆ ಕೊಳವೆಯಲ್ಲಿ ಊದಿದ ಹಾಗೆ. ಅಲೆ ಗಿಡ್ಡ, ಚೂಪು. ಹೊಟ್ಟೆ ತೊಳಸುತ್ತದೆ. ಯಾವತ್ತೂ ವಾಂತಿ ಮಾಡದವರಿಗೂ ಆಗುತ್ತದೆ.

ಸಮುದ್ರ ಕಾಯಿಲೆಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. "ನೋಡೋಣ, ಬಂದರೆ ತಗೊಳ್ಳೋಣ" ಅಂದವರ ಹೊಟ್ಟೆಯಲ್ಲಿ ಆಮೇಲೆ ಮಾತ್ರೆ ನಿಲ್ಲುವುದೇ ಇಲ್ಲ. ಯಾವ ಮಾತ್ರೆ ಅಂತ ಡಾಕ್ಟರನ್ನು ಕೇಳಿ, ಮನೆಯಲ್ಲೇ ಒಂದು ಸಲ ನುಂಗಿ ನೋಡಿ. ಕೆಲವದರಿಂದ ವಿಪರೀತ ಮಂಪರು ಬರುತ್ತದೆ. ಕಣ್ಣು ದೂರದ ದಿಗಂತದ ಮೇಲಿರಲಿ. ಫೋನ್ ನೋಡಬೇಡಿ. ಒಣ ಶುಂಠಿ, ರಸ್ಕು, ಮಂಡಕ್ಕಿ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಗುಟುಕು ಗುಟುಕಾಗಿ ನೀರು ಕುಡಿಯಿರಿ.

ವಾಂತಿ ಬಂದರೆ ಬಕೆಟ್ ಹಿಡಿಯಿರಿ. ಅಂಚಿಗೆ ಹೋಗಿ ಬಗ್ಗಬೇಡಿ. ಜನ ನೀರಿಗೆ ಬೀಳುವುದು ಹೀಗೂ ಉಂಟು.

ಮಲಗುವುದಕ್ಕೆ ದೋಣಿಯ ಮಧ್ಯಭಾಗವೇ ಒಳ್ಳೆಯದು. ಮುಂಭಾಗದಲ್ಲಿ ಒಂದೊಂದು ಅಲೆಗೂ ಎತ್ತಿ ಹಾಕುತ್ತದೆ. ಮಂಚದ ಪಕ್ಕಕ್ಕೆ ಕಟ್ಟುವ ಬಟ್ಟೆಯ ಗೋಡೆಯೊಂದು ಇರುತ್ತದೆ, ಮಗುವಿನ ತೊಟ್ಟಿಲ ಪಕ್ಕದ ಹಾಗೆ. ಅದನ್ನು ಬಿಗಿಯಾಗಿ ಕಟ್ಟಿಕೊಂಡು, ಬೆನ್ನಿಗೊಂದು ದಿಂಬು ಒತ್ತಿಕೊಂಡು ಮಲಗಿ. ಮೈ ಉರುಳದಿದ್ದರೆ ಮಾತ್ರ ನಿದ್ದೆ ಬರುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಹಸಿವಾಗುತ್ತದೆ ನೋಡಿ, ಆಗ ಮೈ ಹೊಂದಿಕೊಂಡಿತು ಅಂತ ಲೆಕ್ಕ.

ಹಂತ 5: ಪಾಳಿ

ನಾಲ್ಕು ಜನ ಇದ್ದರೆ ರಾತ್ರಿ 8ರಿಂದ 11, 11ರಿಂದ 2, 2ರಿಂದ 5, 5ರಿಂದ 8. ಮೂರು ಗಂಟೆ ಕಾವಲು, ಒಂಬತ್ತು ಗಂಟೆ ಬಿಡುವು. ಮೂರೇ ಜನ ಇದ್ದರೆ ಬಿಡುವು ಆರು ಗಂಟೆ. ದಿನಾ ಪಾಳಿ ಬದಲಿಸುವವರಿದ್ದಾರೆ. ನನ್ನ ಪ್ರಕಾರ ಮೊದಲ ವಾರವಾದರೂ ಒಬ್ಬರಿಗೆ ಒಂದೇ ಪಾಳಿ ಇರಲಿ. ಮೈಗೆ ಹೊತ್ತು ಗೊತ್ತಾಗುತ್ತದೆ.

ಪಾಳಿ ಒಪ್ಪಿಸುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅವಘಡಗಳಿಗೆ ದಾರಿಯಾಗುವ ಹೊತ್ತು ಇದು. ಒಂದೂಮುಕ್ಕಾಲಿಗೆ ನಿಮ್ಮ ಕಾಲು ಮುಟ್ಟಿ ಎಬ್ಬಿಸುತ್ತಾರೆ. ಬಿಳಿ ದೀಪ ಹಾಕಬೇಡಿ, ಕೆಂಪು ದೀಪವೇ ಸಾಕು. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಜಾಕೆಟ್, ಅದರ ಮೇಲೆ ಲೈಫ್‌ಜಾಕೆಟ್. ಮೆಟ್ಟಿಲ ಕೊನೆಯಲ್ಲಿ ನಿಂತು, ಹೊರಗೆ ಕಾಲಿಡುವ ಮೊದಲೇ, ಟೆದರ್‌ನ ಕೊಕ್ಕೆ ಸಿಕ್ಕಿಸಿ. ಟೆದರ್ ಅಂದರೆ ನಿಮ್ಮನ್ನು ದೋಣಿಗೆ ಕಟ್ಟಿಹಾಕುವ ಪಟ್ಟಿ. ಆಮೇಲೆ ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಇರುವ ತೆರೆದ ಜಾಗದಲ್ಲಿ, ಹೋಗಿ ಕೂತು ಐದು ನಿಮಿಷ ಇಬ್ಬರೂ ಒಟ್ಟಿಗೆ ಇರಿ. ಹೋಗುವವರು ಹೇಳಬೇಕಾದ್ದು ಇಷ್ಟು: ಯಾವ ದಿಕ್ಕು, ಗಾಳಿ ಎಷ್ಟು, ಎಷ್ಟು ಹಾಯಿ ಬಿಚ್ಚಿದೆ, ಹಡಗು ಕಂಡಿತಾ, ಹೊಸ ಸದ್ದೇನಾದರೂ ಕೇಳಿಸಿತಾ. ಆ ಕೊನೆಯದನ್ನು ತಪ್ಪದೆ ಕೇಳಿ. ದೋಣಿಗೆ ತೊಂದರೆ ಇದ್ದರೆ ಮೊದಲು ಸದ್ದಿನಲ್ಲೇ ಗೊತ್ತಾಗುತ್ತದೆ. ಇದೆಲ್ಲಾ ಲಾಗ್ ಪುಸ್ತಕದಲ್ಲಿ ಬರೆದ ಮೇಲೆಯೇ ಹಿಂದಿನವರು ಮಲಗಲು ಹೋಗಬೇಕು.

ಚುಕ್ಕಾಣಿ ಹಿಡಿದೇ ಇರಬೇಕಾ? ಬೇಡ. ಹೆಚ್ಚಿನ ಹೊತ್ತು ಆಟೊಪೈಲಟ್, ಇಲ್ಲವೇ ಗಾಳಿಯ ದಿಕ್ಕು ಹಿಡಿದು ದೋಣಿ ನಡೆಸುವ ವಿಂಡ್‌ವೇನ್ ಆ ಕೆಲಸ ಮಾಡುತ್ತದೆ. ನಿಮ್ಮ ಕೆಲಸ ನೋಡುವುದು. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಸುತ್ತಲೂ, ಹಿಂದಕ್ಕೂ, ಪೂರ್ತಿ ಒಂದು ಸುತ್ತು ನೋಡಿ. ಹತ್ತೇ ನಿಮಿಷ ಯಾಕೆ ಅಂದರೆ, ಎದುರಿನ ಹಡಗು 20 ನಾಟ್, ನೀವು 6. ಎರಡೂ ಸೇರಿ 26. ಆರು ಮೈಲಿ ದೂರದಲ್ಲಿ ಕಂಡ ದೀಪ 14 ನಿಮಿಷದಲ್ಲಿ ನಿಮ್ಮ ಮೇಲಿರುತ್ತದೆ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮತ್ತಲೇ ಬರುತ್ತಿದೆ ಅಂತ ಅರ್ಥ. ಎಐಎಸ್ ಎಂಬ ಯಂತ್ರ ಹತ್ತಿರದ ಹಡಗುಗಳ ಹೆಸರು, ವೇಗ, ದಿಕ್ಕು ತೋರಿಸುತ್ತದೆ. ಆದರೆ ಅದಕ್ಕೆ ಸಂಕೇತ ಕಳಿಸದ ಸಣ್ಣ ದೋಣಿ, ತೇಲುವ ಮರದ ದಿಮ್ಮಿ ಅದರಲ್ಲಿ ಕಾಣುವುದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತೀವಲ್ಲ, ಅದು ಇಲ್ಲಿ ಬರೀ ಮಾತಲ್ಲ.

ಜೋಂಪು ಹತ್ತುವುದು ಮೂರೂವರೆಯಿಂದ ಐದರ ನಡುವೆ. ಕೂತರೆ ಕಣ್ಣು ಮುಚ್ಚುತ್ತದೆ, ನಿಂತುಕೊಳ್ಳಿ. ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಡಿ. ಆಕಾಶ ನೋಡಿ. ಸೇಂಟ್ ಲೂಸಿಯಾ ಇರುವುದು 14 ಡಿಗ್ರಿ ಉತ್ತರದಲ್ಲಿ, ನಮ್ಮ ಶಿವಮೊಗ್ಗ, ಭಟ್ಕಳ ಇರುವ ಅಕ್ಷಾಂಶದಲ್ಲೇ. ದಿನ ಕಳೆದಂತೆ ನೆತ್ತಿಯ ಮೇಲೆ ಬರುವುದು ಊರಿನ ನಕ್ಷತ್ರಗಳೇ.

ದೊಡ್ಡ ಎಚ್ಚರಿಕೆ ಎರಡು. ಒಂದು, ರಾತ್ರಿ ಒಬ್ಬರೇ ಕಾಕ್‌ಪಿಟ್ ಬಿಟ್ಟು ದೋಣಿಯ ಮುಂದಕ್ಕೆ ಹೋಗಬಾರದು. ಇನ್ನೊಬ್ಬರನ್ನು ಎಬ್ಬಿಸಿಯೇ ಹೋಗಿ. ಎರಡು, ಅನುಮಾನ ಬಂದರೆ ಸ್ಕಿಪ್ಪರನ್ನು ಎಬ್ಬಿಸಿ. ನಮ್ಮವರು ತಪ್ಪುವುದು ಇಲ್ಲೇ. "ಪಾಪ, ಈಗಷ್ಟೇ ಮಲಗಿದ್ದಾರೆ, ಸುಮ್ನೆ ಯಾಕೆ ಎಬ್ಬಿಸೋದು" ಅಂತ ಮರ್ಯಾದೆಯಿಂದ ತಡೆದುಕೊಳ್ಳುತ್ತೇವೆ. ಆ ಅರ್ಧ ಗಂಟೆಯಲ್ಲಿ ಸಣ್ಣ ಕೆಲಸ ದೊಡ್ಡದಾಗುತ್ತದೆ. ಒಳ್ಳೆಯ ಸ್ಕಿಪ್ಪರ್ ಎಬ್ಬಿಸಿದ್ದಕ್ಕೆ ಯಾವತ್ತೂ ಬೈಯುವುದಿಲ್ಲ.

ಹಂತ 6: ಹಗಲಿನ ಸುತ್ತು

ಬೆಳಕಾದ ಕೂಡಲೇ ಟೆದರ್ ಸಿಕ್ಕಿಸಿಕೊಂಡು ಡೆಕ್ ಮೇಲೆ ಒಂದು ಸುತ್ತು ಹಾಕಿ. ರಾತ್ರಿ ಹಾರಿ ಬಂದು ಬಿದ್ದ ಹಾರುಮೀನುಗಳಿರುತ್ತವೆ, ತೆಗೆದುಹಾಕಿ. ಕಾಲು ಜಾರುತ್ತದೆ, ನಾರುತ್ತದೆ. ಆಮೇಲೆ ಹಗ್ಗಗಳನ್ನು ನೋಡಿ. ಈ ದಾರಿಯ ನಿಜವಾದ ಶತ್ರು ಸವೆತ. ಮೂರು ವಾರ ಒಂದೇ ಕಡೆಯ ಗಾಳಿ, ಒಂದೇ ಹಗ್ಗ, ಒಂದೇ ಕಬ್ಬಿಣದ ಅಂಚಿಗೆ ನಿಮಿಷಕ್ಕೆ ಹತ್ತಾರು ಸಲ ಉಜ್ಜುತ್ತಿರುತ್ತದೆ. ನಾವು ಹೋದಾಗ ಒಂಬತ್ತನೇ ದಿನ ಬೆಳಿಗ್ಗೆ ಒಂದು ಹಗ್ಗದ ಮೇಲೆ ಹತ್ತಿಯಂಥ ನಯವಾದ ಜುಂಗು ಕಂಡಿತು, ಒಂದು ಬೆರಳಿನಷ್ಟು ಉದ್ದಕ್ಕೆ. ಬಗ್ಗಿ ನೋಡಿದರೆ ಹೊರಗಿನ ಹೆಣಿಗೆ ಪೂರ್ತಿ ಹೋಗಿ ಒಳಗಿನ ಬಿಳಿ ಎಳೆ ಕಾಣುತ್ತಿತ್ತು. ಹಿಂದಿನ ದಿನ ಏನೂ ಇರಲಿಲ್ಲ. ಹಗ್ಗವನ್ನು ಒಂದಡಿ ಎಳೆದು ಉಜ್ಜುವ ಜಾಗ ಬದಲಿಸಿದೆವು. ದಿನಾ ಒಂದು ಗೇಣು ಎಳೆದು ಅಥವಾ ಬಿಟ್ಟು ಜಾಗ ಬದಲಿಸುವುದನ್ನು ಅವತ್ತಿನಿಂದ ರೂಢಿ ಮಾಡಿಕೊಂಡೆವು. ನೀವು ಮೊದಲ ದಿನದಿಂದಲೇ ಮಾಡಿ. ಡೆಕ್ ಮೇಲೆ ಎಲ್ಲಾದರೂ ಸಣ್ಣ ಪಿನ್ನು, ನಟ್ಟು ಬಿದ್ದಿದ್ದರೆ ಜೇಬಿಗೆ ಹಾಕಿಕೊಂಡು ಸುಮ್ಮನಾಗಬೇಡಿ. ಅದು ಮೇಲಿನಿಂದ ಎಲ್ಲಿಂದಲೋ ಕಳಚಿ ಬಿದ್ದಿದೆ. ಎಲ್ಲಿಂದ ಅಂತ ಗೊತ್ತಾಗುವ ತನಕ ದುರ್ಬೀನು ಹಿಡಿದು ಹಾಯಿಕಂಬವನ್ನು ಹುಡುಕಿ.

ಬೂಮ್ ಬಗ್ಗೆ ಒಂದು ಮಾತು. ದೊಡ್ಡ ಹಾಯಿಯ ಬುಡದಲ್ಲಿರುವ ಅಡ್ಡ ಕೊಳವೆಗೆ ಬೂಮ್ ಅನ್ನುತ್ತಾರೆ. ಗಾಳಿ ಹಿಂದಿನಿಂದ ಬರುವಾಗ ದೋಣಿ ಸ್ವಲ್ಪ ದಾರಿ ತಪ್ಪಿದರೂ ಬೂಮ್ ಈ ಬದಿಯಿಂದ ಆ ಬದಿಗೆ ರಪ್ಪನೆ ಬೀಸುತ್ತದೆ. ತಲೆಗೆ ಬಡಿದರೆ ಜೀವ ಹೋಗುತ್ತದೆ. ಅದನ್ನು ಮುಂದಕ್ಕೆ ಎಳೆದು ಕಟ್ಟುವ ಹಗ್ಗಕ್ಕೆ ಪ್ರಿವೆಂಟರ್ ಅನ್ನುತ್ತಾರೆ. ಅದು ಕಟ್ಟಿದೆಯಾ ಅಂತ ಪ್ರತಿ ಪಾಳಿಯಲ್ಲೂ ನೋಡಿ. ಕಟ್ಟಿದ್ದರೂ ಬೂಮ್ ಬೀಸುವ ದಾರಿಯಲ್ಲಿ ತಲೆ ಎತ್ತಿ ನಿಲ್ಲಬೇಡಿ.

ಮಧ್ಯಾಹ್ನ 12ಕ್ಕೆ ದೋಣಿ ಇರುವ ಜಾಗ ಗುರುತಿಸಿ, 24 ಗಂಟೆಯಲ್ಲಿ ಎಷ್ಟು ಮೈಲಿ ಅಂತ ಬರೆಯುತ್ತಾರೆ. ಉಪಗ್ರಹದ ಮೂಲಕ ಹವಾಮಾನದ ನಕ್ಷೆ ಇಳಿಸಿಕೊಳ್ಳುತ್ತಾರೆ. ನಾಲ್ವರೂ ಎದ್ದಿರುವ ಹೊತ್ತು ಇದೇ. ಗಾಳಿ, ನೀರು, ಬ್ಯಾಟರಿ, ಯಾರಿಗೆ ನಿದ್ದೆ ಕಡಿಮೆಯಾಗಿದೆ, ಎಲ್ಲವನ್ನೂ ಆಗಲೇ ಮಾತಾಡಿ ಮುಗಿಸಿ. ಮನಸ್ಸಿನಲ್ಲಿ ಬೇಸರ ಇದ್ದರೂ ಆಗಲೇ ಹೇಳಿ. ಲಾಸ್ ಪಾಲ್ಮಾಸ್‌ಗೂ ಸೇಂಟ್ ಲೂಸಿಯಾಕ್ಕೂ ಗಡಿಯಾರದಲ್ಲಿ ನಾಲ್ಕು ಗಂಟೆ ಅಂತರ. ಐದಾರು ದಿನಕ್ಕೊಮ್ಮೆ ಒಂದು ಗಂಟೆ ಹಿಂದಿಡಿ. ಆ ಹೆಚ್ಚುವರಿ ಗಂಟೆಯನ್ನು ರಾತ್ರಿ ಪಾಳಿಗೆ ಸೇರಿಸಬೇಡಿ, ಹಗಲಲ್ಲೇ ಕಳೆದುಬಿಡಿ.

ಮಧ್ಯಾಹ್ನದ ಮೇಲೆ ಮಲಗಿ. ಓದುವುದು, ಮೀನು ಹಿಡಿಯುವುದು ಆಮೇಲೆ. ಕತ್ತಲಾಗುವ ಮೊದಲು ರೀಫ್ ಮಾಡಿ, ಅಂದರೆ ಹಾಯಿಯನ್ನು ಸ್ವಲ್ಪ ಮಡಚಿ ಚಿಕ್ಕದು ಮಾಡಿ. ವೇಗ ಅರ್ಧ ನಾಟ್ ಕಡಿಮೆಯಾದರೆ ಆಗಲಿ, ಮಲಗಿದವರು ಮಲಗಿರುತ್ತಾರೆ.

ಬ್ಯಾಟರಿ ಬಗ್ಗೆ ಚಿಕ್ಕದಾಗಿ. ಹೆಚ್ಚು ಕರೆಂಟ್ ತಿನ್ನುವುದು ಆಟೊಪೈಲಟ್ ಮತ್ತು ಫ್ರಿಜ್. ಹಾಯಿಯ ನೆರಳು ಸೋಲಾರ್ ಮೇಲೆ ಬೀಳುತ್ತದೆ, ಮೋಡ ಕವಿಯುತ್ತದೆ. ಕೊನೆಗೆ ಫ್ರಿಜ್ ಆರಿಸಬೇಕಾಗಿ ಬಂದರೂ ಊಟ ನಡೆಯುವ ಹಾಗೆ ದಿನಸಿ ಇರಲಿ.

ಹಂತ 7: ಅಡುಗೆ

ದೋಣಿಯ ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ದೋಣಿ ಎಷ್ಟು ವಾಲಿದರೂ ಅದು ಮಟ್ಟಸವಾಗಿರುತ್ತದೆ. ಪಾತ್ರೆ ಜಾರದಂತೆ ಹಿಡಿಯುವ ಕಂಬಿಗಳಿರುತ್ತವೆ. ಆದರೆ ನೀವು ತೂಗುವುದಿಲ್ಲವಲ್ಲ, ನೀವು ವಾಲುತ್ತೀರಿ. ಅದಕ್ಕೇ ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಂಡು ನಿಲ್ಲಬೇಕು. ಎಷ್ಟೇ ಸೆಖೆ ಇದ್ದರೂ ಬರಿಗಾಲು, ಚಡ್ಡಿಯಲ್ಲಿ ಅಡುಗೆ ಮಾಡಬೇಡಿ. ಮಳೆಗೆ ಹಾಕುವ ಉದ್ದ ಪ್ಯಾಂಟು ಹಾಕಿಕೊಳ್ಳಿ. ಕುದಿನೀರು ಚೆಲ್ಲುವುದು ತೊಡೆ, ಪಾದಗಳ ಮೇಲೆಯೇ.

ಪ್ರೆಶರ್ ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಮುಚ್ಚಳ ಬಿಗಿ, ಉರುಳಿದರೂ ಚೆಲ್ಲುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅನ್ನಕ್ಕೆ ಒಂದು ಪಾಲು ಸಮುದ್ರದ ನೀರು, ಎರಡು ಪಾಲು ಸಿಹಿನೀರು ಹಾಕಿ, ಬೇರೆ ಉಪ್ಪು ಬೇಡ. ಒಂದು ಸೀಟಿ ಬಂದ ಮೇಲೆ ಒಲೆ ಆರಿಸಿ, ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಡಿ. ಒಳಗಿನ ಬಿಸಿಯಲ್ಲೇ ಅನ್ನ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಕುಕ್ಕರ್ ತೆಗೆಯುವ ಮೊದಲು ಅಲೆಗಳ ಲಯ ನೋಡಿ. ಎರಡು ದೊಡ್ಡ ತೂಗು ಆದ ಮೇಲೆ ಸ್ವಲ್ಪ ಹೊತ್ತು ಶಾಂತ ಇರುತ್ತದೆ. ಕೈ ಚಾಚುವುದು ಆಗ. ಚಹಾ ಬಗ್ಗಿಸುವಾಗ ಲೋಟವನ್ನು ಕೈಯಲ್ಲಿ ಹಿಡಿಯಬೇಡಿ. ಸಿಂಕ್ ಒಳಗಿಟ್ಟು ಸುರಿಯಿರಿ.

ಒಗ್ಗರಣೆ ಬೇಕು ಅನಿಸುತ್ತದೆ, ಗೊತ್ತು. ತೂಗಾಟ ಜೋರಾಗಿದ್ದ ದಿನ ಬೇಡ. ಕಾದ ಎಣ್ಣೆ ಹಾರಿದರೆ ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಸಮುದ್ರ ಸುಮ್ಮನಿರುವ ದಿನ ಒಂದು ಬಾಟಲಿಯಷ್ಟು ಒಗ್ಗರಣೆ ಮಾಡಿಟ್ಟುಕೊಂಡು ಚಮಚದಲ್ಲಿ ಹಾಕಿಕೊಳ್ಳಿ.

ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಕವಾಟ ಮುಚ್ಚಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮನೆಯಲ್ಲಿ ಬಾಗಿಲಿನಿಂದ ಹೊರಗೆ ಹೋಗಬಹುದು. ದೋಣಿಯಲ್ಲಿ ತಳದ ಗುಂಡಿಗೆ ಇಳಿದು ತುಂಬಿಕೊಳ್ಳುತ್ತದೆ. ಒಂದು ಕಿಡಿ ಸಾಕು.

ಸಂಜೆಯ ಒಂದು ಬಿಸಿ ಊಟ ಎಲ್ಲರೂ ಒಟ್ಟಿಗೆ ಕೂತು ಮಾಡಿ. ರಾತ್ರಿ ಪಾಳಿಯವರಿಗೆ ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಡಬ್ಬಿ ಹುರಿಗಡಲೆ, ಕಡಲೆಕಾಯಿ ಬೀಜ ಮೊದಲೇ ಇಟ್ಟಿರಿ.

ಹಂತ 8: ಸ್ನಾನ, ಶೌಚ, ಕಸ

ಸ್ನಾನ ಸಮುದ್ರದ ನೀರಿನಲ್ಲಿ. ಸೋಪು ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಕೊನೆಗೆ ಒಂದು ಲೀಟರ್ ಸಿಹಿನೀರಿನಲ್ಲಿ ಉಪ್ಪು ತೊಳೆದುಕೊಳ್ಳಿ. ಉಪ್ಪು ಮೈಯಲ್ಲೇ ಇದ್ದರೆ ಕೂರುವ ಜಾಗದಲ್ಲಿ ಹುಣ್ಣಾಗುತ್ತದೆ. ಉಪ್ಪು ತಾಗಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಅದನ್ನು ಹಾಸಿಗೆಗೆ ತರಬೇಡಿ. ನೀರು ಮೊಗೆಯುವ ಬಕೆಟ್ಟಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಆರು ನಾಟ್ ವೇಗದಲ್ಲಿ ಬಕೆಟ್ ತುಂಬಿದರೆ ಆಳನ್ನೇ ಎಳೆದುಕೊಂಡು ಹೋಗುತ್ತದೆ.

ಶೌಚಕ್ಕೆ ಗಂಡಸರೂ ಕೂತೇ ಮಾಡಬೇಕು. ಮರ್ಯಾದೆಗಾಗಿ ಅಲ್ಲ, ತೂಗಾಟದಲ್ಲಿ ಬೀಳದಿರಲಿ, ಜಾಗ ಗಲೀಜಾಗದಿರಲಿ ಅಂತ. ಕೈಪಂಪನ್ನು ಇಪ್ಪತ್ತು ಸಲ ಒತ್ತಿ. ಕಾಗದ ಒಳಗೆ ಹಾಕಬೇಡಿ. ಕಟ್ಟಿಕೊಂಡರೆ ಬಿಚ್ಚಿ ಸರಿಮಾಡುವುದು ನೀವೇ.

ಪ್ಲಾಸ್ಟಿಕ್ ಒಂದು ಚೂರೂ ಸಮುದ್ರಕ್ಕೆ ಹಾಕುವಂತಿಲ್ಲ. ಅಂತಾರಾಷ್ಟ್ರೀಯ ಕಾನೂನೂ ಹಾಗೇ ಇದೆ. ತೊಳೆದು, ಕತ್ತರಿಸಿ, ಖಾಲಿ ಬಾಟಲಿಯೊಳಗೆ ಒತ್ತಿ ತುಂಬಿ. ಮೂರು ವಾರದ ಕಸ ಒಂದು ಚೀಲಕ್ಕೆ ಇಳಿಯುತ್ತದೆ.

ಹಂತ 9: ಸ್ಕ್ವಾಲ್

ಅರ್ಧ ದಾರಿ ಕಳೆದ ಮೇಲೆ ಸ್ಕ್ವಾಲ್‌ಗಳು ಶುರುವಾಗುತ್ತವೆ. ಒಂದೇ ಕಪ್ಪು ಮೋಡ, ಅದರ ಕೆಳಗೆ ಜೋರು ಗಾಳಿ, ಮಳೆ. ಹಗಲು ದೂರದಿಂದ ಕಾಣುತ್ತದೆ. ರಾತ್ರಿ ದಿಗಂತದ ಹತ್ತಿರ ನಕ್ಷತ್ರಗಳು ಒಂದೊಂದಾಗಿ ಮಾಯವಾಗುತ್ತವೆ, ಕತ್ತಿಗೆ ತಣ್ಣನೆ ಗಾಳಿ ಸೋಕುತ್ತದೆ. ರೇಡಾರ್ ಇದ್ದರೆ ಮಳೆ ಅದರಲ್ಲಿ ಕಾಣುತ್ತದೆ. ಹಾಯಿ ಚಿಕ್ಕದು ಮಾಡಬೇಕಾ ಅಂತ ಮನಸ್ಸಿಗೆ ಬಂದ ಕೂಡಲೇ ಮಾಡಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹಾದುಹೋಗುತ್ತದೆ. ಹೋದ ತಕ್ಷಣ ಹಾಯಿ ಬಿಚ್ಚಬೇಡಿ, ಹಿಂದೆಯೇ ಇನ್ನೊಂದು ಇರುತ್ತದೆ. ಹಗಲಾದರೆ ಆ ಮಳೆಯಲ್ಲೇ ಬಟ್ಟೆ ಒಗೆಯಿರಿ.

ಹಂತ 10: ದಡ

ಕೊನೆಯ ಎರಡು ದಿನ ಎಲ್ಲರಿಗೂ ಆತುರ. "ಇವತ್ತು ರಾತ್ರಿಯೇ ಸೇರಿಬಿಡೋಣ" ಅನ್ನುತ್ತಾರೆ. ಗೊತ್ತಿಲ್ಲದ ಬಂದರಿಗೆ ಕತ್ತಲಲ್ಲಿ, ದಣಿದ ಕಣ್ಣಲ್ಲಿ ಹೋಗಬೇಡಿ. ಹಾಯಿ ಇಳಿಸಿ ನಿಧಾನ ಮಾಡಿ, ಬೆಳಕಾಗಲಿ. ಮೂರು ವಾರ ಉಪ್ಪುಗಾಳಿ ಮಾತ್ರ ಉಸಿರಾಡಿದ ಮೂಗಿಗೆ ಹಸಿರು, ಮಣ್ಣಿನ ವಾಸನೆ ಕತ್ತಲಲ್ಲೇ ಹತ್ತುತ್ತದೆ. ಬೆಳಿಗ್ಗೆ ಸೇಂಟ್ ಲೂಸಿಯಾದ ಉತ್ತರ ತುದಿ ಸುತ್ತಿ, ಪಿಜನ್ ಐಲ್ಯಾಂಡ್ ದಾಟಿದರೆ ರಾಡ್ನಿ ಬೇ.

ಹಳದಿ ಬಾವುಟ ಏರಿಸಿ. ಇನ್ನೂ ಕಾಗದಪತ್ರದ ಕೆಲಸ ಆಗಿಲ್ಲ ಅಂತ ಅದರ ಅರ್ಥ. ಸ್ಕಿಪ್ಪರ್ ಎಲ್ಲರ ಪಾಸ್‌ಪೋರ್ಟ್ ಹಿಡಿದು ಕಚೇರಿಗೆ ಹೋಗಿ ಬರುವ ತನಕ ಉಳಿದವರು ದೋಣಿಯಲ್ಲೇ ಇರಬೇಕು. ನೆಲದ ಮೇಲೆ ಇಳಿದಾಗ ಭೂಮಿ ತೂಗುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳಬೇಡಿ, ಬೀಳುತ್ತೀರಿ. ಎರಡು ದಿನದಲ್ಲಿ ಸರಿಹೋಗುತ್ತದೆ.

ಮೊದಲ ರಾತ್ರಿ ಒಂದೂಮುಕ್ಕಾಲಿಗೆ ತಾನಾಗಿ ಎಚ್ಚರ ಆಗುತ್ತದೆ, ಯಾರೂ ಕಾಲು ಮುಟ್ಟದಿದ್ದರೂ. ಎದ್ದು ಹೊರಗೆ ಬಂದು ದೋಣಿ ಕಟ್ಟಿದ ಹಗ್ಗಗಳನ್ನು ಒಂದು ಸಲ ಮುಟ್ಟಿ ನೋಡಿ. ಆಮೇಲೆ ಹೋಗಿ ಮಲಗಿ. ಎಂಟು ಗಂಟೆ ತನಕ ಯಾರೂ ಎಬ್ಬಿಸುವುದಿಲ್ಲ.